ರಾತ್ರಿ ಮೀನಖಂಡ ಹಿಡಿಯುತ್ತದೆ, ಕಾಲು ಚಡಪಡಿಸುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾ, ಹೊನ್ನಾವರ, ಅಂಕೋಲಾ ಕಡೆಯ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಮೊಣಕಾಲು, ಸೊಂಟ, ಭುಜದ ನೋವಿಗೆಂದು ಕರೆಸಿದವರು ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಇನ್ನೊಂದು ಮಾತು ತೆಗೆಯುತ್ತಾರೆ: "ರಾತ್ರಿ ಕಾಲಿನದ್ದೊಂದು ಕಾಟವಿದೆ ತಂಗಿ, ನಿದ್ದೆಯೇ ಇಲ್ಲ." ಹಗಲಿನಲ್ಲಿ ತೋರಿಸಲು ಬಾವಿಲ್ಲ, ಗಾಯವಿಲ್ಲ. ಆದ್ದರಿಂದ ವೈದ್ಯರ ಮುಂದೆ ಹೇಳಿಕೊಳ್ಳಲು ಸಂಕೋಚ. ಮನೆಯವರು ನರ ದೌರ್ಬಲ್ಯ ಎಂದು ಹೆಸರಿಟ್ಟು ಔಷಧ ಅಂಗಡಿಯಿಂದ ಏನೋ ಮಾತ್ರೆ ತಂದುಕೊಡುತ್ತಾರೆ. ಆ ಬಾಗಿಲ ಬಳಿಯ ಮಾತುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಮೀನಖಂಡ ಹಿಡಿಯುವುದೂ ಕಾಲು ಚಡಪಡಿಸುವುದೂ ಒಂದೇ ತೊಂದರೆ ಅಲ್ಲವೇ?

ಅಲ್ಲ. ಇದೊಂದು ತಿಳಿದರೆ ಅರ್ಧ ದಾರಿ ಸವೆದಂತೆ.

ಮೀನಖಂಡ ಹಿಡಿಯುವುದು ಸ್ನಾಯುವಿನ ಸೆಳೆತ. ಗಾಢ ನಿದ್ದೆಯಲ್ಲಿರುವಾಗ ಒಮ್ಮೆಲೇ ಬರುತ್ತದೆ. ಮೊಣಕಾಲಿನ ಹಿಂಭಾಗದ ಕೆಳಗಿನ ಮಾಂಸಖಂಡ ಕಲ್ಲಿನಂತೆ ಗಟ್ಟಿಯಾಗುತ್ತದೆ, ಕೈಯಿಟ್ಟರೆ ಗಂಟು ಸಿಗುತ್ತದೆ, ಕೂಗಿಕೊಳ್ಳುವಷ್ಟು ನೋವು. ಕೆಲವರಿಗೆ ಪಾದದ ಅಡಿ ಅಥವಾ ಬೆರಳು ಸೊಟ್ಟಗಾಗುತ್ತದೆ. ಕೆಲವು ಸೆಕೆಂಡುಗಳಿಂದ ಹಿಡಿದು ಹತ್ತು ನಿಮಿಷದವರೆಗೂ ಇರಬಹುದು. ಬಿಟ್ಟ ಮೇಲೂ ಮರುದಿನ ಆ ಜಾಗ ಪೆಟ್ಟು ಬಿದ್ದಂತೆ ನೋಯುತ್ತಿರುತ್ತದೆ.

ಚಡಪಡಿಕೆ ಬೇರೆ. ಅಲ್ಲಿ ಸ್ನಾಯು ಗಟ್ಟಿಯಾಗುವುದಿಲ್ಲ. ಮಲಗಿ ಹತ್ತು ನಿಮಿಷವಾಗುವುದರೊಳಗೆ ಕಾಲಿನ ಒಳಗೆ ಏನೋ ಹರಿದಾಡಿದಂತೆ, ಇರುವೆ ಬಿಟ್ಟಂತೆ, ಎಲುಬಿನೊಳಗೆ ತುರಿಕೆ ಇದ್ದಂತೆ ಅನ್ನಿಸುತ್ತದೆ. ಕಾಲು ಆಡಿಸದೆ ಇರಲು ಸಾಧ್ಯವೇ ಆಗುವುದಿಲ್ಲ. ಎದ್ದು ಓಡಾಡಿದರೆ ಹಾಯೆನಿಸುತ್ತದೆ, ಮತ್ತೆ ಮಲಗಿದರೆ ಮತ್ತೆ ಶುರು. ಸೆಳೆತ ನಿದ್ದೆಯಿಂದ ಎಬ್ಬಿಸುತ್ತದೆ, ಚಡಪಡಿಕೆ ನಿದ್ದೆ ಹತ್ತಲು ಬಿಡುವುದಿಲ್ಲ. ಒಬ್ಬರಿಗೇ ಎರಡೂ ಇರುವುದುಂಟು. ಆದರೆ ಕಾರಣ ಬೇರೆ, ಪರಿಹಾರ ಬೇರೆ.

ನಡುರಾತ್ರಿ ಸೆಳೆತ ಬಂದಾಗ ಆ ಕ್ಷಣಕ್ಕೆ ಏನು ಮಾಡಬೇಕು?

ಮೊಣಕಾಲು ನೇರ ಮಾಡಿ ಪಾದದ ಬೆರಳುಗಳನ್ನು ಮುಖದ ಕಡೆಗೆ ಎಳೆದುಕೊಳ್ಳಿ. ಬಗ್ಗಿ ಹಿಡಿಯಲು ಆಗದವರು ಟವೆಲನ್ನು ಪಾದದ ಅಡಿಗೆ ಹಾಕಿ ಎರಡೂ ತುದಿ ಹಿಡಿದು ಎಳೆಯಬಹುದು. ನಿಲ್ಲಲು ಶಕ್ತಿಯಿದ್ದರೆ ಎದ್ದು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಆ ಕಾಲಿನ ಮೇಲೆ ಭಾರ ಬಿಡಿ. ಕುಗ್ಗಿ ಗಂಟು ಕಟ್ಟಿದ ಸ್ನಾಯುವನ್ನು ಹಿಗ್ಗಿಸುವುದೇ ಇದರ ಉದ್ದೇಶ. ಹಿಗ್ಗಿದ ಕೂಡಲೇ ಅದು ಸಡಿಲವಾಗುತ್ತದೆ. ಆಮೇಲೆ ಮೆಲ್ಲಗೆ ತಿಕ್ಕಿ, ಬಿಸಿನೀರಿನ ಚೀಲ ಇಟ್ಟುಕೊಳ್ಳಿ.

ವಯಸ್ಸಾದವರಿಗೆ ಒಂದು ಎಚ್ಚರಿಕೆ. ನೋವಿನ ಭರದಲ್ಲಿ ಕತ್ತಲೆಯಲ್ಲಿ ಎದ್ದು, ಮಳೆಗಾಲದಲ್ಲಿ ಬೆವರುವ ನುಣುಪು ನೆಲದ ಮೇಲೆ ಜಾರಿ ಸೊಂಟ ಮುರಿದುಕೊಂಡವರ ಮನೆಗಳಿಗೆ ನಾನು ತಿಂಗಳುಗಟ್ಟಲೆ ಹೋಗಿದ್ದೇನೆ. ಮಂಚದ ಪಕ್ಕ ಕೈಗೆ ಸಿಗುವಂತೆ ದೀಪದ ಸ್ವಿಚ್ಚೋ ಟಾರ್ಚೋ ಇರಲಿ. ಮೊದಲು ಕುಳಿತುಕೊಂಡೇ ಎಳೆಯಿರಿ, ಬಿಟ್ಟ ಮೇಲೆ ಏಳಿ.

ಸೆಳೆತ ಬರುವುದಾದರೂ ಏಕೆ?

ಹೆಚ್ಚಿನವರಲ್ಲಿ ಒಂದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಸ್ನಾಯುವಿಗೆ ಆದೇಶ ಒಯ್ಯುವ ನರ ವಿನಾಕಾರಣ ಕೆರಳಿ ಸ್ನಾಯುವನ್ನು ಬಿಗಿ ಹಿಡಿಯುತ್ತದೆ ಎಂಬಷ್ಟು ಸ್ಪಷ್ಟವಿದೆ. ನಾವು ಮಲಗಿದಾಗ ಪಾದ ತಾನಾಗಿ ಕೆಳಮುಖವಾಗಿ ಬಾಗುತ್ತದೆ, ಮೀನಖಂಡ ಅದಾಗಲೇ ಕುಗ್ಗಿರುತ್ತದೆ. ಇನ್ನಷ್ಟು ಕುಗ್ಗಲು ಸಣ್ಣ ಪ್ರಚೋದನೆ ಸಾಕು. ಶಿರಸಿ, ಸಿದ್ದಾಪುರದ ಚಳಿಯಲ್ಲಿ ಭಾರದ ಕಂಬಳಿಯನ್ನು ಕಾಲ ಬುಡಕ್ಕೆ ಸಿಕ್ಕಿಸಿ ಮಲಗುವವರಿಗೆ ಕಂಬಳಿಯೇ ಪಾದವನ್ನು ಒತ್ತಿ ಹಿಡಿದಿರುತ್ತದೆ. ಅದನ್ನು ಸಡಿಲ ಬಿಡಿ. ಬೋರಲು ಮಲಗುವವರು ಪಾದವನ್ನು ಹಾಸಿಗೆಯಿಂದ ಹೊರಗೆ ಇಳಿಬಿಡಿ.

ಐವತ್ತು ದಾಟಿದ ಮೇಲೆ ಸೆಳೆತ ಹೆಚ್ಚು, ಏಕೆಂದರೆ ಸ್ನಾಯುರಜ್ಜು ವಯಸ್ಸಿನೊಂದಿಗೆ ಗಿಡ್ಡವಾಗುತ್ತದೆ. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟವರು, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆ ಇರುವವರು, ಥೈರಾಯ್ಡ್ ಕಡಿಮೆ ಇರುವವರು, ಕಾಲಿನ ರಕ್ತನಾಳ ಉಬ್ಬಿದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಕೂಡ ಇದನ್ನು ಹೆಚ್ಚು ಅನುಭವಿಸುತ್ತಾರೆ.

ದುಡಿಮೆಗೂ ಇದಕ್ಕೂ ಸಂಬಂಧವಿದೆಯೇ?

ಇದೆ, ನಮ್ಮ ಜಿಲ್ಲೆಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿನಲ್ಲಿ ಬಗ್ಗಿ ಬಳಚು (ಚಿಪ್ಪಿನ ಮೀನು) ಆರಿಸುವ ಹೆಂಗಸರು, ಆಷಾಢದ ತಣ್ಣೀರಿನಲ್ಲಿ ದಿನವಿಡೀ ಸಸಿ ನೆಡುವವರು, ಬೆಳಗಿನವರೆಗೆ ಕುಣಿಯುವ ಯಕ್ಷಗಾನ ಕಲಾವಿದರು, ಎಂಟು ಗಂಟೆ ನಿಂತೇ ಇರುವ ಅಂಗಡಿ ಹುಡುಗಿಯರು, ಇವರೆಲ್ಲರ ಮೀನಖಂಡಗಳು ರಾತ್ರಿ ಲೆಕ್ಕ ಕೇಳುತ್ತವೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಎರಡು ತಿಂಗಳು ಬಿಡುವಾಗಿದ್ದ ದೇಹ ಆಗಸ್ಟ್‌ನಲ್ಲಿ ಒಮ್ಮೆಲೇ ಬಲೆ ಎಳೆಯಲು ನಿಂತರೆ ಸ್ನಾಯು ದಣಿಯದೆ ಇರುತ್ತದೆಯೇ? ಜುಲೈ ಕೊನೆಯ ವಾರದಿಂದಲೇ ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂದು ನಾನು ಕಾರವಾರದ ಬೈತಕೋಲ ಬಂದರಿನ ಕಡೆಯವರಿಗೆ ಹೇಳುತ್ತಿರುತ್ತೇನೆ.

ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವವರ ಸೆಳೆತದಲ್ಲಿ ಉಪ್ಪು ಮತ್ತು ನೀರಿನ ಕೊರತೆಯದೂ ಪಾಲಿದೆ. ಬರೀ ನೀರು ಕುಡಿದರೆ ಸಾಲದು. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ, ಮುರುಗಲು ಪಾನಕ, ಇಲ್ಲವೇ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಕುಡಿಯಬೇಕು. ಆದರೆ ಮನೆಯಲ್ಲಿ ಫ್ಯಾನ್ ಕೆಳಗೆ ಕುಳಿತಿರುವ ಎಪ್ಪತ್ತರ ಅಜ್ಜನ ರಾತ್ರಿಯ ಸೆಳೆತಕ್ಕೆ ನೀರು ಕಡಿಮೆಯಾದದ್ದೇ ಕಾರಣ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ.

ಸೆಳೆತ ಬರದಂತೆ ತಡೆಯುವ ವ್ಯಾಯಾಮ ಇದೆಯೇ?

ಇದೆ. ಖರ್ಚಿಲ್ಲ, ಅಡ್ಡಪರಿಣಾಮವಿಲ್ಲ. ನೆದರ್ಲೆಂಡ್ಸ್‌ನಲ್ಲಿ 55 ವರ್ಷ ದಾಟಿದ 80 ಜನರ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗುವ ಮೊದಲು ಆರು ವಾರ ಸ್ನಾಯು ಹಿಗ್ಗಿಸಿದವರಿಗೆ ಸೆಳೆತದ ಸಂಖ್ಯೆಯೂ ತೀವ್ರತೆಯೂ ಕಡಿಮೆಯಾಯಿತು.

ಗೋಡೆಗೆ ಮುಖ ಮಾಡಿ ಒಂದು ಮೊಳ ದೂರದಲ್ಲಿ ನಿಲ್ಲಿ, ಎರಡೂ ಅಂಗೈಗಳನ್ನು ಗೋಡೆಗೆ ಊರಿ. ಒಂದು ಕಾಲನ್ನು ಹಿಂದಕ್ಕೆ ಇಟ್ಟು ಅದರ ಮೊಣಕಾಲು ನೇರವಾಗಿರಲಿ, ಹಿಮ್ಮಡಿ ನೆಲ ಬಿಡಬಾರದು. ಈಗ ಮುಂದಿನ ಮೊಣಕಾಲು ಮಡಿಸಿ ಗೋಡೆಯ ಕಡೆಗೆ ವಾಲಿ. ಹಿಂದಿನ ಕಾಲಿನ ಮೀನಖಂಡ ಎಳೆದಂತಾಗುತ್ತದೆ. ಇಪ್ಪತ್ತು ಎಣಿಸಿ, ಬಿಡಿ. ಪ್ರತಿ ಕಾಲಿಗೆ ಮೂರು ಸಲ. ಆಮೇಲೆ ಮಂಚದ ಅಂಚಿನಲ್ಲಿ ಕುಳಿತು, ಒಂದು ಕಾಲನ್ನು ನೇರ ಚಾಚಿ ಹಿಮ್ಮಡಿಯನ್ನು ನೆಲಕ್ಕೆ ಊರಿ ಮುಂದಕ್ಕೆ ಬಾಗಿದರೆ ತೊಡೆಯ ಹಿಂಭಾಗವೂ ಹಿಗ್ಗುತ್ತದೆ. ಎಳೆತ ಇರಬೇಕು, ನೋವು ಇರಬಾರದು. ಎಲ್ಲ ಸೇರಿ ಐದು ನಿಮಿಷ. ಎರಡು ದಿನ ಮಾಡಿ ಪ್ರಯೋಜನವಿಲ್ಲ ಎನ್ನಬೇಡಿ, ಆರು ವಾರ ಬಿಡದೆ ಮಾಡಿ. ಹಲ್ಲುಜ್ಜಿದ ಕೂಡಲೇ ಮಾಡುವ ಅಭ್ಯಾಸವಿಟ್ಟುಕೊಂಡವರು ಮರೆಯುವುದಿಲ್ಲ.

ಎಳನೀರು, ಬಾಳೆಹಣ್ಣು ತಿಂದರೆ ಕಡಿಮೆಯಾಗುತ್ತದೆಯಂತೆ?

ಒಳ್ಳೆಯ ಆಹಾರ, ತಿನ್ನಿ. ಪೊಟ್ಯಾಸಿಯಂ ಎರಡರಲ್ಲೂ ಇದೆ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಸರಿಯಿರುವವರಿಗೆ ಇನ್ನಷ್ಟು ತಿಂದರೆ ಸೆಳೆತ ನಿಲ್ಲುವುದಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಎಳನೀರು ಅಪಾಯವೂ ಹೌದು. ದೇಹದಿಂದ ಹೊರಹೋಗದ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಡಯಾಲಿಸಿಸ್ ಮುಗಿಸಿ ಬಂದವರಿಗೆ ದಾರಿಯಲ್ಲಿ ಪ್ರೀತಿಯಿಂದ ಎಳನೀರು ಕುಡಿಸುವ ನೆಂಟರಿಗೆ ಇದನ್ನು ದಯವಿಟ್ಟು ತಿಳಿಸಿ.

ಉಪ್ಪಿನಕಾಯಿ ರಸ ನೆಕ್ಕಿದರೆ ಸೆಳೆತ ಬಿಡುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ನಿಜವೇ?

ಸಂಪೂರ್ಣ ಸುಳ್ಳಲ್ಲ. ಉಪ್ಪು ಮತ್ತು ವಿನೆಗರಿನಲ್ಲಿ ಹಾಕಿದ ಸೌತೆಕಾಯಿಯ ನೀರು ಸೆಳೆತವನ್ನು ಬೇಗ ಬಿಡಿಸುತ್ತದೆ ಎಂದು 2010ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದು ತೋರಿಸಿದೆ. ಅದರಲ್ಲಿದ್ದ ಉಪ್ಪು ರಕ್ತಕ್ಕೆ ಸೇರುವ ಮೊದಲೇ ಸೆಳೆತ ಬಿಟ್ಟಿತ್ತು. ಹಾಗಾಗಿ ಗಂಟಲಿಗೆ ತಾಗಿದ ತೀಕ್ಷ್ಣ ಹುಳಿ ನರಗಳ ಮೂಲಕ ಸ್ನಾಯುವನ್ನು ಶಾಂತಗೊಳಿಸುತ್ತದೆ ಎಂಬುದು ತಜ್ಞರ ಊಹೆ. ಅಪ್ಪೆಮಿಡಿಯ ರಸದ ಮೇಲೆ ಯಾರೂ ಪ್ರಯೋಗ ಮಾಡಿದ್ದನ್ನು ನಾನು ಕಂಡಿಲ್ಲ. ಹುಳಿ, ಉಪ್ಪು, ಖಾರ ಅದರಲ್ಲಿಯೂ ಇರುವುದರಿಂದ ಅರ್ಧ ಚಮಚ ಬಾಯಲ್ಲಿಟ್ಟುಕೊಂಡು ನೋಡಬಹುದು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿರುವವರು ಇದನ್ನು ರೂಢಿ ಮಾಡಿಕೊಳ್ಳಬಾರದು.

ಮೆಗ್ನೀಸಿಯಂ, ಕ್ಯಾಲ್ಸಿಯಂ, ಕ್ವಿನೈನ್?

ವಯಸ್ಸಾದವರ ಸೆಳೆತಕ್ಕೆ ಮೆಗ್ನೀಸಿಯಂ ಮಾತ್ರೆಯಿಂದ ಹೇಳಿಕೊಳ್ಳುವಂತಹ ಪ್ರಯೋಜನ ಕಂಡಿಲ್ಲ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದವರ ತೀರ್ಮಾನವಿದು. ಕ್ಯಾಲ್ಸಿಯಂ ಕೂಡ ಕೊರತೆ ಇದ್ದವರಿಗೆ ಮಾತ್ರ. ಕ್ವಿನೈನ್ ಸೆಳೆತವನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಆದರೆ ರಕ್ತದ ಪ್ಲೇಟ್‌ಲೆಟ್ ಕುಸಿಯುವುದು, ಹೃದಯದ ಬಡಿತ ತಪ್ಪುವುದು ಮುಂತಾದ ಪ್ರಾಣಾಪಾಯಗಳಿಂದಾಗಿ ಇದಕ್ಕೆ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲೇ ಎಚ್ಚರಿಸಿದೆ. ಮಲೇರಿಯಾಕ್ಕೆಂದು ತಂದು ಉಳಿದ ಮಾತ್ರೆಯನ್ನು ಕಾಲಿಗೆ ನುಂಗಬೇಡಿ. ವಿಟಮಿನ್ ಕೆ2 ಬಗ್ಗೆ ಚೀನಾದಲ್ಲಿ 65 ದಾಟಿದ 199 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ ಆಸೆ ಹುಟ್ಟಿಸುವಂತಿದೆ. ಒಂದೇ ಅಧ್ಯಯನ ನಂಬಿ ಎಲ್ಲರಿಗೂ ಹೇಳಲು ನನಗೆ ಧೈರ್ಯವಿಲ್ಲ. ವಾರ್ಫರಿನ್ ಅಥವಾ ಅಸಿಟ್ರಾಮ್‌ನಂತಹ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ನುಂಗುವವರು ಅದನ್ನು ಮುಟ್ಟಲೇಬಾರದು.

ನಾನು ದಿನವೂ ನುಂಗುವ ಮಾತ್ರೆಯೇ ಕಾರಣವಾಗಿರಬಹುದೇ?

ಆಗಿರಬಹುದು. ರಕ್ತದೊತ್ತಡಕ್ಕೋ ಕಾಲಿನ ಬಾವಿಗೋ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು, ಆಸ್ತಮಾಕ್ಕೆ ಎಳೆದುಕೊಳ್ಳುವ ಕೆಲವು ಔಷಧಿಗಳು ಸೆಳೆತ ತರಬಲ್ಲವು. ಕೊಲೆಸ್ಟರಾಲ್ ಇಳಿಸುವ ಮಾತ್ರೆ ಕೆಲವರಲ್ಲಿ ಸ್ನಾಯುನೋವು ತರುತ್ತದೆ. ಹಾಗೆಂದು ನೀವೇ ನಿಲ್ಲಿಸಬೇಡಿ. ಮಾತ್ರೆಯ ಪಟ್ಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಮೇಜಿನ ಮೇಲೆ ಸುರಿಯಿರಿ.

ಕಾಲು ಚಡಪಡಿಸುವುದು ನಿಜವಾಗಿ ಕಾಯಿಲೆಯೇ? ಮನಸ್ಸಿನ ಗೊಂದಲ ಎನ್ನುತ್ತಾರಲ್ಲ?

ನಿಜವಾದ ಕಾಯಿಲೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಇದನ್ನು ವರ್ಣಿಸಿದ್ದರು. ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್ಬೊಮ್ 1945ರಲ್ಲಿ ಈಗಿನ ಹೆಸರು ಕೊಟ್ಟರು. ವೈದ್ಯರು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ, ಬರೆಯುವಾಗ ಆರ್‌ಎಲ್‌ಎಸ್. ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ, ರೋಗಿಯ ಮಾತಿನಿಂದಲೇ ಗುರುತಿಸಬೇಕು: ಕಾಲು ಆಡಿಸಲೇಬೇಕೆಂಬ ಒತ್ತಡ, ಸುಮ್ಮನೆ ಕುಳಿತಾಗ ಅಥವಾ ಮಲಗಿದಾಗ ಅದು ಹೆಚ್ಚುವುದು, ಆಡಿಸಿದರೆ ಕಡಿಮೆಯಾಗುವುದು, ಸಂಜೆಯ ನಂತರ ಜೋರಾಗುವುದು, ಇದನ್ನೆಲ್ಲ ವಿವರಿಸುವ ಬೇರೆ ಕಾರಣವಿಲ್ಲದಿರುವುದು. ಐದೂ ಕೂಡಿದರೆ ಅದೇ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮನೆತನದಲ್ಲಿ ಹರಿದು ಬರುವುದೂ ಇದೆ, ಅಮ್ಮನಿಗೋ ಸೋದರಮಾವನಿಗೋ ಇತ್ತೇ ಎಂದು ಕೇಳಿ ನೋಡಿ.

ಆಗುವುದೇನೆಂದರೆ, ಮಿದುಳಿನಲ್ಲಿ ಚಲನೆಯನ್ನು ಹದವಾಗಿಡುವ ಡೋಪಮೈನ್ ಎಂಬ ರಾಸಾಯನಿಕದ ಕೆಲಸ ಏರುಪೇರಾಗುತ್ತದೆ. ಡೋಪಮೈನ್ ತಯಾರಾಗಲು ಕಬ್ಬಿಣ ಬೇಕು. ಮಿದುಳಿಗೆ ಕಬ್ಬಿಣ ಸಾಲದೆ ಹೋದಾಗ ಅದರ ಪರಿಣಾಮ ಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ನನ್ನ ಹಿಮೋಗ್ಲೋಬಿನ್ ಸರಿಯಿದೆ. ಆದರೂ ಕಬ್ಬಿಣ ಕಡಿಮೆ ಇರಬಹುದೇ?

ಇರಬಹುದು. ಇದನ್ನು ನಾನು ಕಲಿತದ್ದು ನನ್ನ ಆಯಿಯಿಂದ, ಅಂದರೆ ಅಮ್ಮನಿಂದ.

ಶಿರಸಿ ಹತ್ತಿರದ ಹಳ್ಳಿ ನಮ್ಮದು. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕೂರಬೇಕು. ಎಲ್ಲರೂ ಮಾತಾಡುತ್ತ ಸುಲಿಯುವಾಗ ಆಯಿ ಮಾತ್ರ ಐದು ನಿಮಿಷಕ್ಕೊಮ್ಮೆ ಎದ್ದು ಅಂಗಳದಲ್ಲಿ ತಿರುಗಿ ಬರುತ್ತಿದ್ದಳು. ಕೆಲಸ ತಪ್ಪಿಸಲು ಏಳುತ್ತಾಳೆ ಎಂದು ದೊಡ್ಡವರು ಆಡಿಕೊಂಡದ್ದನ್ನು ನಾನು ಕೇಳಿದ್ದೇನೆ. ರಾತ್ರಿ ಎರಡು ಗಂಟೆಗೆ ನಡುಮನೆಯಲ್ಲಿ ಅವಳ ಹೆಜ್ಜೆ ಸಪ್ಪಳ. ಕ್ಯಾಲ್ಸಿಯಂ, ನರದ ಮಾತ್ರೆ, ನಿದ್ದೆಯ ಮಾತ್ರೆ ಎಲ್ಲ ಆಯಿತು. ಹಿಮೋಗ್ಲೋಬಿನ್ 12.1 ಇತ್ತು, ರಕ್ತ ಸರಿಯಿದೆ ಎಂದರು. ಹದಿನಾಲ್ಕು ವರ್ಷದ ನಂತರ ಒಬ್ಬ ವೈದ್ಯೆ ಫೆರಿಟಿನ್ ಪರೀಕ್ಷೆ ಬರೆದುಕೊಟ್ಟರು. ಬಂದದ್ದು 14. ಕಬ್ಬಿಣ ಶುರು ಮಾಡಿ ಮೂರನೆಯ ತಿಂಗಳಿಗೆ ಆಯಿ ರಾತ್ರಿ ಮಲಗಿ ಬೆಳಿಗ್ಗೆ ಎದ್ದಳು. ಆ ಹದಿನಾಲ್ಕು ವರ್ಷ ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಹಿಮೋಗ್ಲೋಬಿನ್ ಎಂದರೆ ಬಳಕೆಯಲ್ಲಿರುವ ಕಬ್ಬಿಣದ ಲೆಕ್ಕ, ಫೆರಿಟಿನ್ ಎಂದರೆ ಕಣಜದಲ್ಲಿರುವ ಭತ್ತದ ಲೆಕ್ಕ. ಕಣಜ ಬರಿದಾಗುತ್ತಿದ್ದರೂ ಕೆಲವು ಕಾಲ ಅನ್ನ ಬೇಯುತ್ತಲೇ ಇರುತ್ತದೆ. ಲ್ಯಾಬಿನ ಚೀಟಿಯಲ್ಲಿ ಫೆರಿಟಿನ್ 15ಕ್ಕೋ 20ಕ್ಕೋ ಮೇಲಿದ್ದರೆ ಸರಿ ಎಂದು ಅಚ್ಚಾಗಿರುತ್ತದೆ. ಆದರೆ ಚಡಪಡಿಕೆ ಇರುವ ವಯಸ್ಕರಲ್ಲಿ ಅದು 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡುವುದನ್ನು ಪರಿಗಣಿಸಬೇಕೆಂಬುದು ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ. ಜ್ವರ, ಸೋಂಕು ಇರುವಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ವಾಸಿಯಾದ ಮೇಲೆ ಪರೀಕ್ಷೆ ಮಾಡಿಸಿ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಹಿಮೋಗ್ಲೋಬಿನ್ ಸರಿಯಿದ್ದು ಕಣಜ ಮಾತ್ರ ಬರಿದಾದವರು ಆ ಲೆಕ್ಕದಲ್ಲಿ ಸೇರಿಯೇ ಇಲ್ಲ.

ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕಡಿಮೆಯಾಗಿದ್ದರೆ ಹೊಟ್ಟೆಯಲ್ಲೋ ಕರುಳಿನಲ್ಲೋ ರಕ್ತ ಸೋರುತ್ತಿದೆಯೇ ಎಂದು ನೋಡಲೇಬೇಕು. ಮೂಲವ್ಯಾಧಿ, ಕೊಕ್ಕೆಹುಳ, ಹುಣ್ಣು, ಕೆಲವೊಮ್ಮೆ ಕ್ಯಾನ್ಸರ್.

ಕಬ್ಬಿಣದ ಮಾತ್ರೆ ಹೇಗೆ ತೆಗೆದುಕೊಳ್ಳಬೇಕು?

ಪರೀಕ್ಷೆ ಮಾಡಿಸದೆ ಬೇಡ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕೆ ಇಲ್ಲ. ವೈದ್ಯರು ಬರೆದುಕೊಟ್ಟ ಮೇಲೆ ಖಾಲಿ ಹೊಟ್ಟೆಯಲ್ಲಿ, ಲಿಂಬೆಹಣ್ಣಿನ ನೀರಿನ ಜೊತೆ ನುಂಗಿದರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ ಇವೆಲ್ಲ ಅದಕ್ಕೆ ಅಡ್ಡಗಾಲು. ಕನಿಷ್ಠ ಎರಡು ಗಂಟೆಯ ಅಂತರವಿರಲಿ. ದಿನ ಬಿಟ್ಟು ದಿನ ನುಂಗಿದರೆ ಹೊಟ್ಟೆ ಕೆಡುವುದು ಕಡಿಮೆ, ಪ್ರತಿ ಮಾತ್ರೆಯಿಂದ ದೇಹಕ್ಕೆ ಸೇರುವ ಪಾಲೂ ಹೆಚ್ಚು. ಮಲ ಕಪ್ಪಾಗುತ್ತದೆ, ಹೆದರಬೇಡಿ. ಪರಿಣಾಮ ಕಾಣಲು ಎರಡು ಮೂರು ತಿಂಗಳು ಬೇಕು. ಮಾತ್ರೆಯ ಡಬ್ಬಿ ಮಕ್ಕಳ ಕೈಗೆ ಸಿಗದಿರಲಿ, ಸಣ್ಣ ಮಗು ನಾಲ್ಕಾರು ನುಂಗಿದರೂ ಪ್ರಾಣಕ್ಕೆ ಅಪಾಯ. ಹೊಟ್ಟೆ ಒಪ್ಪದವರಿಗೆ ರಕ್ತನಾಳದ ಮೂಲಕವೂ ಕಬ್ಬಿಣ ಕೊಡುತ್ತಾರೆ.

ಊಟದಿಂದಲೇ ಸರಿಪಡಿಸಲು ಆಗುವುದಿಲ್ಲವೇ?

ಬರಿದಾದ ಕಣಜವನ್ನು ಊಟದಿಂದ ಮಾತ್ರ ತುಂಬಿಸುವುದು ಕಷ್ಟ, ತುಂಬಿದ್ದನ್ನು ಉಳಿಸಿಕೊಳ್ಳಬಹುದು. ಮೀನು ತಿನ್ನುವವರಿಗೆ ಬಳಚು ಕಬ್ಬಿಣದ ಗಣಿ, ಕಾರವಾರದವರ ತಿಸ್ರೆಯೂ ಅದೇ ಜಾತಿ. ತಾರ್ಲೆ, ಬಂಗುಡೆ ಕೂಡ ಒಳ್ಳೆಯವು. ತಿನ್ನದವರು ಹುರುಳಿ, ಕಡಲೆ, ಹರಿವೆ ಸೊಪ್ಪು, ಎಳ್ಳು ಬಳಸಿ, ಮೇಲೆ ಲಿಂಬೆ ಹಿಂಡಿ ಅಥವಾ ನೆಲ್ಲಿಕಾಯಿ ಇರಲಿ. ಊಟ ಮುಗಿದ ತಕ್ಷಣದ ಚಹಾ ಬಿಟ್ಟರೆ ತಿಂದದ್ದರ ಕಬ್ಬಿಣ ನಿಮಗೇ ಉಳಿಯುತ್ತದೆ.

ಚಡಪಡಿಕೆಯನ್ನು ಹೆಚ್ಚಿಸುವುದು ಯಾವುದು?

ಸಂಜೆಯ ಚಹಾ, ಕಾಫಿ. ಅದರ ಬದಲು ನಮ್ಮ ಕಡೆಯ ಕೊತ್ತಂಬರಿ ಜೀರಿಗೆ ಕಷಾಯ ಕುಡಿಯಬಹುದು, ಅದರಲ್ಲಿ ಕೆಫೀನ್ ಇಲ್ಲ. ಮದ್ಯ. ಹೊಗೆಸೊಪ್ಪು ಹಾಕಿದ ಕವಳ (ಎಲೆಯಡಿಕೆ). ರಾತ್ರಿ ಊಟವಾದ ಮೇಲೆ ಕವಳ ಹಾಕಿ ಜಗಲಿಯಲ್ಲಿ ಕೂರುವುದು ಬಹಳ ಜನರ ಪಾಲಿನ ಸುಖ ಎಂದು ನನಗೆ ಗೊತ್ತು, ಆದರೂ ಹೇಳಲೇಬೇಕು.

ಎಲ್ಲಕ್ಕಿಂತ ಮುಖ್ಯ, ಶೀತ ನೆಗಡಿಗೆ ನುಂಗುವ, ನಿದ್ದೆ ಬರಿಸುವ ಅಲರ್ಜಿ ಮಾತ್ರೆಗಳು. ನಿದ್ದೆ ಬರಲಿ ಎಂದು ಅದನ್ನೇ ನುಂಗಿ ಇಡೀ ರಾತ್ರಿ ಕಾಲು ಬಡಿದುಕೊಂಡವರಿದ್ದಾರೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಕೂಡ ಇದನ್ನು ಕೆರಳಿಸುತ್ತವೆ. ಖಿನ್ನತೆಯ ಮಾತ್ರೆಯನ್ನು ಒಮ್ಮೆಲೇ ಬಿಡುವುದು ಅಪಾಯ, ಬರೆದುಕೊಟ್ಟ ವೈದ್ಯರಿಗೆ ತಿಳಿಸಿ ಬದಲಿಸಿಕೊಳ್ಳಿ.

ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವುದೆಂದರೆ ನರಕ. ಉಪಾಯವಿದೆಯೇ?

ಸಾಧ್ಯವಾದರೆ ಹಗಲು ಪ್ರಯಾಣ ಮಾಡಿ. ಆಗದಿದ್ದರೆ ನಡುದಾರಿಯ ಬದಿಯ ಸೀಟು ಕೇಳಿ, ಬಸ್ ನಿಂತಲ್ಲೆಲ್ಲ ಇಳಿದು ನಡೆಯಿರಿ. ಹೊರಡುವ ಮುನ್ನ ಬಿಸಿನೀರಿನಲ್ಲಿ ಕಾಲು ತೊಳೆದು ಮೀನಖಂಡ ತಿಕ್ಕಿಕೊಳ್ಳಿ. ಮನಸ್ಸನ್ನು ಹಿಡಿದಿಡುವ ಕೆಲಸವಿದ್ದರೆ ಚಡಪಡಿಕೆ ತಗ್ಗುತ್ತದೆ. ಪದಬಂಧ ಬಿಡಿಸುವುದು, ಹೆಣಿಗೆ, ಆಸಕ್ತಿಯ ಮಾತುಕತೆ. ತಾಳಮದ್ದಳೆಯಲ್ಲಿ ವಾದ ಬಿಸಿಯೇರಿದಾಗ ಕಾಲಿನ ನೆನಪೇ ಇರಲಿಲ್ಲ ಎಂದು ಒಬ್ಬರು ನನಗೆ ಹೇಳಿದ್ದರು. ಅದು ಕಾಲ್ಪನಿಕವಲ್ಲ, ಈ ಕಾಯಿಲೆಯ ಗುಣವೇ ಹಾಗೆ.

ಇದಕ್ಕೆ ಔಷಧಿ ಇದೆಯೇ?

ಇದೆ. ಕಬ್ಬಿಣ ಸರಿಪಡಿಸಿ, ಕೆರಳಿಸುವುದನ್ನೆಲ್ಲ ಬಿಟ್ಟ ಮೇಲೂ ನಿದ್ದೆ ಇಲ್ಲದಿದ್ದರೆ ಈಗ ಮೊದಲು ಯೋಚಿಸುವುದು ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಗುಂಪಿನ ಮಾತ್ರೆಗಳನ್ನು. ತಲೆಸುತ್ತು, ಮಂಪರು ಬರಬಹುದು, ವಯಸ್ಸಾದವರಿಗೆ ಕಡಿಮೆ ಪ್ರಮಾಣದಿಂದ ಶುರು ಮಾಡಬೇಕು. ಹಿಂದೆ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳನ್ನು ಮೊದಲಿಗೇ ಬರೆಯುತ್ತಿದ್ದರು. ಆರಂಭದಲ್ಲಿ ಅದ್ಭುತವೆನಿಸುವ ಪರಿಹಾರ. ಕೆಲವು ವರ್ಷಗಳಲ್ಲಿ ಚಡಪಡಿಕೆ ರಾತ್ರಿಯಿಂದ ಮಧ್ಯಾಹ್ನಕ್ಕೆ ಸರಿಯುತ್ತದೆ, ಕೈಗೂ ಹಬ್ಬುತ್ತದೆ, ಮಾತ್ರೆ ಹೆಚ್ಚಿಸಿದಷ್ಟೂ ಕೆಡುತ್ತದೆ. ಆದ್ದರಿಂದ 2025ರ ಅಮೆರಿಕದ ನಿದ್ರಾ ತಜ್ಞರ ಮಾರ್ಗಸೂಚಿ ಅವುಗಳನ್ನು ವಾಡಿಕೆಯಾಗಿ ಬಳಸಬಾರದು ಎಂದಿದೆ. ನೀವು ಈಗ ಅದನ್ನೇ ನುಂಗುತ್ತಿದ್ದರೆ ತಟ್ಟನೆ ನಿಲ್ಲಿಸಬೇಡಿ, ಮೆಲ್ಲಗೆ ಇಳಿಸುವ ಕ್ರಮವಿದೆ.

ಬಸುರಿಯಲ್ಲಿ ಎರಡೂ ಶುರುವಾಗಿದೆ. ಮಗುವಿಗೆ ತೊಂದರೆಯೇ?

ಮಗುವಿಗೆ ತೊಂದರೆಯಿಲ್ಲ. ಕೊನೆಯ ಮೂರು ತಿಂಗಳಲ್ಲಿ ಎರಡೂ ಸಾಮಾನ್ಯ, ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ಗೋಡೆಯ ವ್ಯಾಯಾಮ ಮಾಡಬಹುದು, ಎಡಮಗ್ಗುಲಿಗೆ ಮಲಗಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಮರೆತುಹೋದೀತು ಎಂದು ಒಟ್ಟಿಗೆ ನುಂಗುವವರನ್ನು ನಾನು ಮನೆಮನೆಯಲ್ಲಿ ಕಾಣುತ್ತೇನೆ. ಒಂದು ಇನ್ನೊಂದನ್ನು ಹೀರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ಊಟದಿಂದ ದೂರ. ಒಂದೇ ಕಾಲು ಊದಿಕೊಂಡರೆ ಮಾತ್ರ ಆ ದಿನವೇ ತೋರಿಸಿ.

ಮಗು ರಾತ್ರಿ ಕಾಲು ನೋವೆಂದು ಅಳುತ್ತದೆ.

ಮೂರರಿಂದ ಹನ್ನೆರಡು ವರ್ಷದವರಲ್ಲಿ ಎರಡೂ ಕಾಲಿಗೆ ಸಂಜೆ ನೋವು ಬಂದು, ಬೆಳಿಗ್ಗೆ ಏನೂ ಆಗದಂತೆ ಓಡಾಡಿದರೆ ಸಾಮಾನ್ಯವಾಗಿ ಗಾಬರಿಯಿಲ್ಲ. ತಿಕ್ಕಿ, ಮುದ್ದು ಮಾಡಿ ಮಲಗಿಸಿ. ಒಂದೇ ಕಾಲು, ಕುಂಟುವುದು, ಜ್ವರ, ಕೀಲು ಊತ, ತೂಕ ಇಳಿಯುವುದು ಇವುಗಳಲ್ಲಿ ಒಂದಿದ್ದರೂ ಮಕ್ಕಳ ವೈದ್ಯರಿಗೆ ತೋರಿಸಿ. ಮಕ್ಕಳಿಗೂ ಚಡಪಡಿಕೆ ಬರುತ್ತದೆ. ತರಗತಿಯಲ್ಲಿ ಕೂರಲಾಗದ ಮಗುವನ್ನು ತುಂಟ ಎಂದು ಹೊಡೆಯುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಕಾಲಿಗೆ ಬಟ್ಟೆ ಬಿಗಿದು ಮಲಗುತ್ತೇನೆ, ಮೊಮ್ಮಗನಿಂದ ಕಾಲು ತುಳಿಸಿಕೊಳ್ಳುತ್ತೇನೆ. ತಪ್ಪೇ?

ಒತ್ತಡ ಬಿದ್ದರೆ ಚಡಪಡಿಕೆ ತಗ್ಗುವುದು ನಿಜ, ಹಾಗಾಗಿಯೇ ತಲೆತಲಾಂತರದಿಂದ ಈ ರೂಢಿ ಬಂದಿದೆ. ಆದರೆ ಬಿಗಿದು ಕಟ್ಟಿದರೆ ರಕ್ತ ನಿಲ್ಲುತ್ತದೆ, ಸಕ್ಕರೆ ಕಾಯಿಲೆಯವರಿಗೆ ಗಾಯವಾದರೂ ತಿಳಿಯುವುದಿಲ್ಲ. ಮೊಣಕಾಲವರೆಗೆ ಬರುವ ಹಿತವಾದ ಬಿಗಿ ಕಾಲುಚೀಲ ಸಾಕು, ಅದನ್ನೂ ಕಾಲಿನ ರಕ್ತನಾಳ ಕಟ್ಟಿಕೊಂಡವರು ಹಾಕಬಾರದು. ತುಳಿಸುವುದು ಹಗುರ ಮಗುವಿನಿಂದಾದರೆ ಅಡ್ಡಿಯಿಲ್ಲ, ಒಂದು ಕಾಲು ಊದಿ ಬೆಚ್ಚಗಿದ್ದಾಗ ಮಾತ್ರ ಖಂಡಿತ ಬೇಡ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?

ಒಂದೇ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ, ದಿನವಿಡೀ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಶಸ್ತ್ರಚಿಕಿತ್ಸೆಯ ನಂತರ, ಹೆರಿಗೆಯ ನಂತರ, ದೀರ್ಘ ಪ್ರಯಾಣದ ನಂತರ ಇದರ ಸಂಭವ ಹೆಚ್ಚು. ತಿಕ್ಕಬೇಡಿ. ಜೊತೆಗೆ ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ.

ಮಳೆಗಾಲದಲ್ಲಿ ಗದ್ದೆ, ತೋಟದಲ್ಲಿ ದುಡಿದವರಿಗೆ ಜ್ವರ ಬಂದು ಮೀನಖಂಡ ಮುಟ್ಟಲಾಗದಷ್ಟು ನೋಯುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ ಅದು ಇಲಿ ಜ್ವರದ ಲಕ್ಷಣ. ಸೆಳೆತವೆಂದು ಎಣ್ಣೆ ತಿಕ್ಕುತ್ತ ಕೂತರೆ ಮೂತ್ರಪಿಂಡ, ಯಕೃತ್ತು ಕೈಕೊಡುತ್ತವೆ. ಬೇಗ ಹೋದರೆ ಸಾಮಾನ್ಯ ಆ್ಯಂಟಿಬಯೋಟಿಕ್‌ನಿಂದ ವಾಸಿಯಾಗುತ್ತದೆ. ಸಿದ್ದಾಪುರದ ಕಾಡಿನಂಚಿನವರಿಗೆ ಬೇಸಿಗೆಯಲ್ಲಿ ಜ್ವರ, ತಲೆನೋವು, ಮೈಯೆಲ್ಲ ಸ್ನಾಯುನೋವು ಬಂದರೆ ಮಂಗನ ಕಾಯಿಲೆಯ ಪರೀಕ್ಷೆ ಆಗಬೇಕು.

ನಡೆದರೆ ಮೀನಖಂಡ ನೋಯುತ್ತದೆ, ನಿಂತರೆ ಕಡಿಮೆಯಾಗುತ್ತದೆ, ರಾತ್ರಿ ಕಾಲನ್ನು ಮಂಚದಿಂದ ಇಳಿಬಿಟ್ಟರೆ ಹಾಯೆನಿಸುತ್ತದೆ, ಪಾದ ತಣ್ಣಗಿದೆ ಎಂದರೆ ಕಾಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತಿದೆ. ಬೀಡಿ ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು, ತಡವಾದರೆ ಕಾಲನ್ನೇ ಕಳೆದುಕೊಳ್ಳಬೇಕಾಗುತ್ತದೆ. ಕಾಲು ಬಲ ಕಳೆದುಕೊಳ್ಳುವುದು, ಸ್ನಾಯು ಸಣ್ಣಗಾಗುವುದು, ಮೂತ್ರ ಕಡುಕಂದು ಬಣ್ಣಕ್ಕೆ ತಿರುಗುವುದು ಕಂಡರೂ ಕಾಯಬೇಡಿ.

ಇದಕ್ಕೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಬೇಕೇ?

ಮೊದಲ ಹೆಜ್ಜೆಗೆ ಬೇಡ. ನಮ್ಮ ಜಿಲ್ಲೆಯ ಜನ ಸಣ್ಣದಕ್ಕೂ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಗಂಟೆಗಟ್ಟಲೆ ಪ್ರಯಾಣ ಮಾಡುವುದನ್ನು ನೋಡಿ ನೋಡಿ ಬೇಸರವಾಗಿದೆ. ಈ ತೊಂದರೆಗೆ ಬೇಕಾದದ್ದು ದೊಡ್ಡ ಯಂತ್ರವಲ್ಲ. ನಿಮ್ಮ ಊರಿನ ಫಿಸಿಷಿಯನ್ ಅಥವಾ ತಾಲೂಕು ಆಸ್ಪತ್ರೆ ಸಾಕು. ರಕ್ತದ ಪೂರ್ಣ ಎಣಿಕೆ, ಫೆರಿಟಿನ್, ಸಕ್ಕರೆ, ಕ್ರಿಯಾಟಿನಿನ್, ಥೈರಾಯ್ಡ್ ಇಷ್ಟು ಪರೀಕ್ಷೆಗಳಲ್ಲಿ ಬಹಳಷ್ಟು ತಿಳಿಯುತ್ತದೆ. ಫೆರಿಟಿನ್ ಸ್ಥಳದಲ್ಲೇ ಆಗದಿದ್ದರೆ ಲ್ಯಾಬಿನವರು ರಕ್ತವನ್ನು ಹೊರಗೆ ಕಳಿಸಿ ತರಿಸುತ್ತಾರೆ. ಇಷ್ಟಾದರೂ ಹತೋಟಿಗೆ ಬಾರದಿದ್ದರೆ ಆಗ ನರರೋಗ ತಜ್ಞರು.

ಹೋಗುವ ಮೊದಲು ಎರಡು ವಾರ ಒಂದು ಹಳೆಯ ನೋಟ್‌ಬುಕ್‌ನಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಬಂತು, ಯಾವ ಕಾಲು, ಸ್ನಾಯು ಗಟ್ಟಿಯಾಗಿತ್ತೇ ಇಲ್ಲವೇ, ಎದ್ದು ನಡೆದಾಗ ಏನಾಯಿತು, ಆ ದಿನ ಏನು ಕೆಲಸ, ಸಂಜೆ ಏನು ಕುಡಿದಿರಿ, ಯಾವ ಮಾತ್ರೆ. ಬರೆಯಲು ಬಾರದ ಅಜ್ಜಿಯಾದರೆ ಮೊಮ್ಮಕ್ಕಳು ಬೆಳಿಗ್ಗೆ ಕೇಳಿ ಬರೆಯಲಿ. ಆ ಪುಟವನ್ನು ವೈದ್ಯರ ಮುಂದಿಟ್ಟು, "ನನಗೆ ಬರುವುದು ಸೆಳೆತವೋ ಚಡಪಡಿಕೆಯೋ ನೋಡಿ ಹೇಳಿ, ಫೆರಿಟಿನ್ ಮಾಡಿಸಬೇಕೇ?" ಎಂದು ಬಾಯಿಬಿಟ್ಟು ಕೇಳಿ.